ಮೊದಲು ಕೈದಿ, ಆಮೇಲೆ ಕಾನೂನು

ಯುದ್ಧದಲ್ಲಿ ಸಿಕ್ಕಿಬಿದ್ದವರನ್ನು ಮಿಲಿಟರಿ ಕೋರ್ಟಿನಲ್ಲಿ ವಿಚಾರಿಸಲು ಅಮೆರಿಕ 2006ರಲ್ಲಿ ಕಾನೂನು ಮಾಡಿತು. ಅದರ ಬಗ್ಗೆ ಬಂದಿರುವ ನಾಲ್ಕು ಪ್ರಶ್ನೆಗಳನ್ನು ಈ ವಾರ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: 1971ರ ಯುದ್ಧದಲ್ಲಿ ಸುಮಾರು 93 ಸಾವಿರ ಪಾಕಿಸ್ತಾನಿಗಳು ನಮ್ಮ ಕೈಗೆ ಸಿಕ್ಕರು. ಕ್ಯಾಂಪಿನಲ್ಲಿಟ್ಟು, ಊಟ ಹಾಕಿ, ವಾಪಸ್ ಕಳಿಸಿದೆವು. ಕೋರ್ಟು ಕಚೇರಿ ಏನೂ ಇರಲಿಲ್ಲ. ಅಮೆರಿಕದವರು ಕ್ಯೂಬಾದಲ್ಲಿರುವ ತಮ್ಮ ಗ್ವಾಂಟನಾಮೋ ಜೈಲಿನಲ್ಲಿ ಸುಮಾರು 780 ಜನರನ್ನು ಇಟ್ಟುಕೊಂಡು ಇಷ್ಟೊಂದು ಒದ್ದಾಡಿದ್ದು ಯಾಕೆ?
– ನಿವೃತ್ತ ಸುಬೇದಾರ್, ಮಡಿಕೇರಿ

ಉತ್ತರ: ಸುಬೇದಾರ್ ಸಾಹೇಬರೇ, ನೀವು ಕಂಡವರು ಯುದ್ಧಕೈದಿಗಳು. 1949ರ ಜಿನೀವಾ ಒಪ್ಪಂದದ ಪ್ರಕಾರ ಸಮವಸ್ತ್ರ ಹಾಕಿ, ಮೇಲಧಿಕಾರಿಯ ಅಪ್ಪಣೆಯಂತೆ ಹೋರಾಡಿದ ಸೈನಿಕನಿಗೆ ಹೋರಾಡಿದ್ದಕ್ಕೇ ಶಿಕ್ಷೆ ಇಲ್ಲ. ಕಾದಾಟ ನಿಂತ ಮೇಲೆ ಅವನನ್ನು ಬಿಟ್ಟು ಕಳಿಸಬೇಕು. ಊರವರನ್ನು ಕೊಂದಿದ್ದರೆ, ಅತ್ಯಾಚಾರ ಮಾಡಿದ್ದರೆ ಕೇಸು ಹಾಕಬಹುದು. ಆಗಲೂ ಹಿಡಿದ ದೇಶ ತನ್ನ ಸ್ವಂತ ಸೈನಿಕರನ್ನು ಯಾವ ಕೋರ್ಟಿನಲ್ಲಿ, ಯಾವ ನಿಯಮದಂತೆ ವಿಚಾರಿಸುತ್ತದೋ ಅಲ್ಲೇ, ಹಾಗೆಯೇ ವಿಚಾರಿಸಬೇಕು.

ಕೋರ್ಟಿನ ಮಾತೇ ಬರಲಿಲ್ಲ ಎನ್ನುವುದು ಮಾತ್ರ ಪೂರ್ತಿ ಸರಿಯಲ್ಲ. ಆ 93 ಸಾವಿರದಲ್ಲಿ 195 ಜನರನ್ನು ಯುದ್ಧಾಪರಾಧಕ್ಕೆ ವಿಚಾರಿಸುತ್ತೇವೆ ಅಂತ ಬಾಂಗ್ಲಾದೇಶ ಪಟ್ಟು ಹಿಡಿದಿತ್ತು. 1973ರಲ್ಲಿ ಅದಕ್ಕಾಗಿ ಒಂದು ಕಾನೂನನ್ನೂ ಮಾಡಿತು. ಹಿಂದಿನ ಕೃತ್ಯಕ್ಕೆ ಈಗ ಕಾನೂನು ಮಾಡಿದಿರಿ ಎಂಬ ತಕರಾರು ಬರಬಾರದು ಅಂತ ಮೊದಲು ಸಂವಿಧಾನವನ್ನೇ ತಿದ್ದಿತು. ಕೊನೆಗೆ 1974ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಮೂರೂ ದೇಶಗಳು ಕೂತು ಮಾತಾಡಿದವು. ಆ ವಿಚಾರಣೆ ಅಲ್ಲಿಗೇ ಕೈಬಿಟ್ಟುಹೋಯಿತು.

ಅಮೆರಿಕಕ್ಕೆ ಬರೋಣ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅದರ ಕೈಗೆ ಸಿಕ್ಕವರಲ್ಲಿ ಅಲ್ ಖೈದಾದವರಿದ್ದರು, ತಾಲಿಬಾನಿನವರಿದ್ದರು. ಯಾವುದಕ್ಕೂ ಸೇರದೆ ಸುಮ್ನೆ ಸಿಕ್ಕಿಬಿದ್ದವರೂ ಇದ್ದರು. ಸಿಕ್ಕವನು ಯಾರು ಎಂಬ ಅನುಮಾನ ಬಂದರೆ ಅದನ್ನು ತೀರ್ಮಾನಿಸಲು ಒಂದು ಮಂಡಳಿ ಬೇಕು, ಅಲ್ಲಿಯವರೆಗೆ ಅವನನ್ನು ಯುದ್ಧಕೈದಿಯಂತೆಯೇ ನೋಡಬೇಕು ಎನ್ನುತ್ತದೆ ಜಿನೀವಾ ಒಪ್ಪಂದ. ಅಧ್ಯಕ್ಷ ಬುಷ್ ಹಾಗೆ ಒಬ್ಬೊಬ್ಬರನ್ನೂ ನೋಡಲು ಹೋಗಲಿಲ್ಲ. 2002ರ ಫೆಬ್ರುವರಿಯಲ್ಲಿ ಒಂದೇ ಏಟಿಗೆ, ಇವರ್‍ಯಾರೂ ಯುದ್ಧಕೈದಿಗಳಲ್ಲ ಎಂದುಬಿಟ್ಟರು. ಯುದ್ಧಕೈದಿಗೆ ಸಿಗುವ ರಕ್ಷಣೆಯೂ ಇಲ್ಲ, ಮಾಮೂಲಿ ಆರೋಪಿಗೆ ಸಿಗುವ ಕೋರ್ಟೂ ಇಲ್ಲ. ಒದ್ದಾಟ ಶುರುವಾಗಿದ್ದು ಅಲ್ಲಿಂದ.

ಪ್ರಶ್ನೆ: ನಮ್ಮ ಕಾಲೇಜಿನ ಅಣಕು ನ್ಯಾಯಾಲಯ ಸ್ಪರ್ಧೆಗೆ ಹಮ್ದಾನ್ ಕೇಸು ಕೊಟ್ಟಿದ್ದಾರೆ. ಅಧ್ಯಕ್ಷರು ತಾವಾಗಿಯೇ ಮಿಲಿಟರಿ ಕೋರ್ಟು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ನಾಲ್ಕೇ ತಿಂಗಳಲ್ಲಿ ಸಂಸತ್ತು ಅದನ್ನೇ ಕಾನೂನು ಮಾಡಿಕೊಟ್ಟಿತು. ಹಾಗಾದರೆ ಆ ತೀರ್ಪಿನಿಂದ ಬಂದಿದ್ದೇನು?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಳ್ಳೆಯ ಪ್ರಶ್ನೆ. ಎದುರು ಪಕ್ಷದವರು ನಿಮ್ಮನ್ನು ಇದನ್ನೇ ಕೇಳುತ್ತಾರೆ, ಗಟ್ಟಿಯಾಗಿ ತಯಾರಾಗಿ.

ಮೊದಲು ಒಂದು ಮಾತು. ಅಮೆರಿಕದಲ್ಲಿ ಸಂಸತ್ತಿಗೆ ಕಾಂಗ್ರೆಸ್ ಅನ್ನುತ್ತಾರೆ. ವಾದದ ಬಿಸಿಯಲ್ಲಿ ‘ಕಾಂಗ್ರೆಸ್ ಕಾನೂನು ಮಾಡಿತು’ ಅಂದರೆ ನಮ್ಮ ಕಡೆ ಕೇಳುವವರಿಗೆ ಬೇರೆಯೇ ಅರ್ಥ ಹೊಳೆಯುತ್ತದೆ. ಹಾಗಾಗಿ ನಾನು ಸಂಸತ್ತು ಅಂತಲೇ ಬರೆಯುತ್ತೇನೆ.

2001ರ ನವೆಂಬರ್ 13ರಂದು ಬುಷ್ ಒಂದು ಮಿಲಿಟರಿ ಆದೇಶ ಹೊರಡಿಸಿದರು. ಸಿಕ್ಕ ವಿದೇಶಿಯರನ್ನು ಮಿಲಿಟರಿ ಕಮಿಷನ್ ಎಂಬ ವಿಶೇಷ ಕೋರ್ಟು ವಿಚಾರಿಸಬೇಕು ಎಂಬುದು ಅದರ ಸಾರ. ಇದು ಸೈನಿಕರನ್ನು ವಿಚಾರಿಸುವ ಕೋರ್ಟ್ ಮಾರ್ಷಲ್ ಅಲ್ಲ. ಕೋರ್ಟ್ ಮಾರ್ಷಲ್‌ಗೆ ಸಂಸತ್ತು ಮಾಡಿದ ಸಂಹಿತೆ ಇದೆ. ಕಮಿಷನ್ನಿನ ನಿಯಮಗಳನ್ನು ರಕ್ಷಣಾ ಇಲಾಖೆಯೇ ಬರೆದುಕೊಂಡಿತು. ಆರೋಪಿಯನ್ನೇ ಹೊರಗೆ ಕೂರಿಸಿ ಸಾಕ್ಷ್ಯ ಕೇಳಬಹುದಿತ್ತು. ತನ್ನ ಮೇಲೆ ಯಾರು ಏನು ಹೇಳಿದರು ಅನ್ನುವುದೇ ಅವನಿಗೆ ಗೊತ್ತಾಗದೆ ಇರಬಹುದಿತ್ತು.

ಸರ್ಕಾರ ನೆಚ್ಚಿಕೊಂಡಿದ್ದು 1942ರ ಒಂದು ಹಳೆಯ ಕೇಸನ್ನು. ಆಗ ಎಂಟು ಜರ್ಮನ್ ವಿಧ್ವಂಸಕರು ಸಬ್‌ಮರೀನ್‌ನಲ್ಲಿ ಬಂದು ಅಮೆರಿಕದ ತೀರ ಹತ್ತಿದ್ದರು. ಆಗಿನ ಅಧ್ಯಕ್ಷ ರೂಸ್ವೆಲ್ಟ್ ಕಮಿಷನ್ ಕೂರಿಸಿದರು, ಸುಪ್ರೀಂ ಕೋರ್ಟ್ ಒಪ್ಪಿತು. ಆಗಸ್ಟ್ 8ರಂದು ಆರು ಜನರಿಗೆ ಮರಣದಂಡನೆ ಆಯಿತು. ತಾನು ಯಾಕೆ ಒಪ್ಪಿದೆ ಎಂಬ ಕಾರಣಗಳನ್ನು ಕೋರ್ಟು ಪೂರ್ತಿಯಾಗಿ ಪ್ರಕಟಿಸಿದ್ದು ಅಕ್ಟೋಬರ್ ಕೊನೆಗೆ! ಇಂಥ ಕೇಸನ್ನು ಆಸರೆಗೆ ಹಿಡಿದವರ ಧೈರ್ಯ ಮೆಚ್ಚಬೇಕು.

ಸಲೀಂ ಹಮ್ದಾನ್ ಯೆಮೆನ್ ದೇಶದವನು, ಬಿನ್ ಲಾಡೆನ್‌ನ ಕಾರು ಓಡಿಸುತ್ತಿದ್ದವನು. ಅವನ ಪರ ನಿಲ್ಲಲು ನೌಕಾಪಡೆಯ ಅಧಿಕಾರಿ ಚಾರ್ಲ್ಸ್ ಸ್ವಿಫ್ಟ್ ಅವರನ್ನು ನೇಮಿಸಿದರು. ತಪ್ಪೊಪ್ಪಿಗೆ ಮಾಡಿಸಿ ಕೇಸು ಮುಗಿಸಲಿ ಎಂಬುದು ನೇಮಿಸಿದವರ ಎಣಿಕೆ. ಆದರೆ ಸ್ವಿಫ್ಟ್ ಮೇಲಿನವರ ಮೇಲೆಯೇ ದಾವೆ ಹೂಡಿದರು. ಸುಪ್ರೀಂ ಕೋರ್ಟಿನಲ್ಲಿ ವಾದ ಮಂಡಿಸಿದವರು ನೀಲ್ ಕತ್ಯಾಲ್, ಭಾರತದಿಂದ ವಲಸೆ ಹೋದವರ ಮಗ. 2006ರ ಜೂನ್ 29ರಂದು 5–3ರ ತೀರ್ಪು ಅವರ ಕಡೆಗೆ ಬಂತು. ಸ್ವಿಫ್ಟ್‌ಗೆ ಆ ಹೊತ್ತಿಗೇ ಬಡ್ತಿ ತಪ್ಪಿ, ನೌಕಾಪಡೆ ಬಿಡಬೇಕಾಯಿತು. ವಾದದಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ, ಆದರೂ ನಿಮಗೆ ಗೊತ್ತಿರಲಿ.

ತೀರ್ಪಿನಲ್ಲಿ ಎರಡು ಮಾತು ಮುಖ್ಯ. ಕಮಿಷನ್ನಿನ ನಿಯಮಗಳು ಸಂಸತ್ತಿನ ಸಂಹಿತೆಗೆ ಹೊಂದುವುದಿಲ್ಲ ಎನ್ನುವುದು ಮೊದಲನೆಯದು. ಎರಡನೆಯದು, ನಾಲ್ಕೂ ಜಿನೀವಾ ಒಪ್ಪಂದಗಳಲ್ಲಿ ಇರುವ 3ನೇ ವಿಧಿ ಇವರಿಗೂ ಅನ್ವಯಿಸುತ್ತದೆ ಎನ್ನುವುದು. ಹಿಂಸೆ ಕೊಡಬಾರದು, ಕ್ರಮಬದ್ಧವಾದ ಕೋರ್ಟಿಲ್ಲದೆ ಶಿಕ್ಷೆ ಕೊಡಬಾರದು ಎನ್ನುವ ವಿಧಿ ಅದು. ನ್ಯಾಯಮೂರ್ತಿ ಬ್ರೇಯರ್ ಪ್ರತ್ಯೇಕವಾಗಿ ಬರೆದ ಪುಟ್ಟ ಟಿಪ್ಪಣಿಯನ್ನು ತಪ್ಪದೆ ಓದಿ. ಸಂಸತ್ತು ಅಧ್ಯಕ್ಷರಿಗೆ ಖಾಲಿ ಚೆಕ್ ಕೊಟ್ಟಿಲ್ಲ, ಅಧಿಕಾರ ಬೇಕಿದ್ದರೆ ಹೋಗಿ ಕೇಳಲು ಯಾರ ಅಡ್ಡಿಯೂ ಇಲ್ಲ ಎಂಬುದು ಅದರ ತಾತ್ಪರ್ಯ.

ಅಧ್ಯಕ್ಷರು ಹೋಗಿ ಕೇಳಿದರು. ಹೋಗುವ ಮುಂಚೆ ಒಂದು ಕೆಲಸ ಮಾಡಿದರು. ಸೆಪ್ಟೆಂಬರ್ 6ರಂದು, ಸಿಐಎಯ ಗುಪ್ತ ಜೈಲುಗಳಲ್ಲಿದ್ದ 14 ಜನರನ್ನು ಗ್ವಾಂಟನಾಮೋಗೆ ತಂದಿದ್ದೇವೆ, ಇವರನ್ನು ವಿಚಾರಿಸಲು ಕಾನೂನು ಕೊಡಿ ಎಂದರು. ನವೆಂಬರ್‌ನಲ್ಲಿ ಚುನಾವಣೆ ಇತ್ತು. ಆ ಹೊತ್ತಿನಲ್ಲಿ ಬೇಡ ಅನ್ನುವ ಧೈರ್ಯ ಎಷ್ಟು ಸಂಸದರಿಗೆ ಇದ್ದೀತು? ಬುಷ್ ಪಕ್ಷದವರೇ ಆದ ಮೆಕೇನ್, ವಾರ್ನರ್, ಗ್ರಹಾಂ ಸ್ವಲ್ಪ ದಿನ ತಡೆ ಹಾಕಿ ಕೆಲವು ನಿಯಮ ಸಡಿಲ ಮಾಡಿಸಿದರು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಕಾನೂನು 65–34ರಿಂದ ಪಾಸಾಯಿತು. ಅಕ್ಟೋಬರ್ 17ಕ್ಕೆ ಸಹಿ ಬಿತ್ತು.

ಈಗ ನಿಮ್ಮ ಪ್ರಶ್ನೆಗೆ. ಬಂದಿದ್ದೇನು ಅಂದರೆ, ಬಾಗಿಲು ಮುಚ್ಚಿ ಬರೆದ ನಿಯಮಗಳು ಬಯಲಿಗೆ ಬಂದವು. ಆರೋಪಿಯ ವಿರುದ್ಧ ಬಳಸುವ ಸಾಕ್ಷ್ಯವನ್ನು ಆರೋಪಿ ನೋಡಬಹುದು ಅಂತಾಯಿತು. ಮೇಲ್ಮನವಿಗೆ ದಾರಿ ಸಿಕ್ಕಿತು. ಇದೇನು ಕಡಿಮೆ ಲಾಭವಲ್ಲ. ಆದರೆ ಅದೇ ಕಾನೂನಿನಲ್ಲಿ ಮೂರು ಮುಳ್ಳು ಇದ್ದವು, ನಿಮ್ಮ ವಾದಕ್ಕೆ ಬಲ ಸಿಗುವುದೇ ಅಲ್ಲಿ.

ಒಂದು, ಹೇಬಿಯಸ್ ಕಾರ್ಪಸ್, ಅಂದರೆ ನನ್ನನ್ನು ಯಾಕೆ ಬಂಧಿಸಿಟ್ಟಿದ್ದೀರಿ ಅಂತ ಕೋರ್ಟಿನಲ್ಲಿ ಕೇಳುವ ಕೈದಿಯ ಹಕ್ಕನ್ನು ತೆಗೆದುಹಾಕಿದ್ದು. ಅದನ್ನು ಉಳಿಸುವ ತಿದ್ದುಪಡಿ ಸೆನೆಟ್‌ನಲ್ಲಿ 48–51ರಿಂದ ಬಿದ್ದುಹೋಯಿತು. 2008ರ ಜೂನ್‌ನಲ್ಲಿ ಬೂಮೆಡಿಯನ್ ಎಂಬ ಗ್ವಾಂಟನಾಮೋ ಕೈದಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಆ ಕಲಮನ್ನು ರದ್ದು ಮಾಡಿತು.

ಇನ್ನೊಂದು, ಬಲವಂತದ ಹೇಳಿಕೆಗಳು. ಚಿತ್ರಹಿಂಸೆಯಿಂದ ಪಡೆದ ಹೇಳಿಕೆ ನಡೆಯುವುದಿಲ್ಲ ಎಂದಿತು ಕಾನೂನು. ಆದರೆ 2005ರ ಡಿಸೆಂಬರ್ 30ಕ್ಕೆ ಮುಂಚೆ, ಚಿತ್ರಹಿಂಸೆಗಿಂತ ಕಡಿಮೆ ಅನ್ನಿಸುವ ಒತ್ತಡ ಹಾಕಿ ಪಡೆದಿದ್ದರೆ, ನ್ಯಾಯಾಧೀಶರು ನಂಬಿದರೆ ನಡೆಯುತ್ತದೆ ಎಂದಿತು. ತಾರೀಖು ನೋಡಿ ಸಾಕ್ಷ್ಯದ ಯೋಗ್ಯತೆ ಅಳೆಯುವುದು ಎಲ್ಲಾದರೂ ಉಂಟಾ? 2009ರ ಅಕ್ಟೋಬರ್‌ನಲ್ಲಿ ಒಬಾಮ ಸಹಿ ಹಾಕಿದ ತಿದ್ದುಪಡಿ ಇದನ್ನು ಕಿತ್ತುಹಾಕಿತು.

ಮೂರನೆಯದು, ಅಪರಾಧಗಳ ಪಟ್ಟಿ. ಭಯೋತ್ಪಾದನೆಗೆ ನೆರವು ನೀಡುವುದನ್ನು 2006ರ ಕಾನೂನು ಯುದ್ಧಾಪರಾಧಗಳ ಪಟ್ಟಿಗೆ ಸೇರಿಸಿತು. ಹಮ್ದಾನ್ ಸಿಕ್ಕಿದ್ದು 2001ರಲ್ಲಿ. ನಮ್ಮ ಸಂವಿಧಾನದ 20(1)ನೇ ವಿಧಿಯನ್ನು ನೆನಪಿಸಿಕೊಳ್ಳಿ. ಕೃತ್ಯ ನಡೆದಾಗ ಅಪರಾಧವಲ್ಲದ್ದನ್ನು ಆಮೇಲೆ ಅಪರಾಧ ಅಂತ ಮಾಡಿ ಶಿಕ್ಷಿಸುವಂತಿಲ್ಲ. ಅಮೆರಿಕದ ಸಂವಿಧಾನದಲ್ಲೂ ಅದೇ ನಿಷೇಧವಿದೆ. ಆದರೂ 2008ರಲ್ಲಿ ಹಮ್ದಾನ್‌ನ ವಿಚಾರಣೆ ನಡೆಯಿತು. ಸಂಚಿನ ಆರೋಪದಿಂದ ಬಿಡುಗಡೆಯಾದ. ನೆರವಿನ ಆರೋಪಕ್ಕೆ 66 ತಿಂಗಳ ಶಿಕ್ಷೆ ಬಂತು. ಅದರಲ್ಲಿ 61 ತಿಂಗಳು ಆಗಲೇ ಒಳಗಿದ್ದುದಕ್ಕೆ ವಜಾ. ಇಷ್ಟೆಲ್ಲ ರಂಪ ಮಾಡಿ ಉಳಿದಿದ್ದು ಐದು ತಿಂಗಳು! ಅವನು ಯೆಮೆನ್‌ಗೆ ವಾಪಸಾದ. 2012ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆಯನ್ನೂ ರದ್ದು ಮಾಡಿತು. ತೀರ್ಪು ಬರೆದವರು ಬ್ರೆಟ್ ಕ್ಯಾವನಾ. ಅವರು ಹಿಂದೆ ಬುಷ್ ಅವರ ಶ್ವೇತಭವನದಲ್ಲೇ ಕೆಲಸ ಮಾಡಿದ್ದವರು. ಪೀಠದಲ್ಲಿ ಕೂತವರು ಯಾರ ಕಡೆಯವರು ಅಂತ ಊಹಿಸಿ ವಾದ ಕಟ್ಟಬೇಡಿ.

ಪ್ರಶ್ನೆ: ಕಸಬ್ 2008ರಲ್ಲಿ ಸಿಕ್ಕ, 2012ರಲ್ಲಿ ಗಲ್ಲಿಗೇರಿದ. ಸೆಪ್ಟೆಂಬರ್ 11ರ ದಾಳಿಯ ರೂವಾರಿ ಖಾಲಿದ್ ಶೇಖ್ ಮೊಹಮ್ಮದ್ 2003ರಲ್ಲೇ ಸಿಕ್ಕ. ಮಿಲಿಟರಿ ಕೋರ್ಟು ಅಂದರೆ ಬೇಗ ಅಂತಾರಲ್ಲ, ಅವನ ಕೇಸು ಯಾಕೆ ಮುಗಿಯುತ್ತಿಲ್ಲ?
– ಶಾಲಾ ಶಿಕ್ಷಕರು, ತುಮಕೂರು

ಉತ್ತರ: ಮೇಷ್ಟ್ರೇ, ಮಿಲಿಟರಿ ಕೋರ್ಟು ಬೇಗ ಎನ್ನುವುದು ನಂಬಿಕೆ ಮಾತ್ರ. ಕಸಬ್‌ನನ್ನು ವಿಚಾರಿಸಿದ್ದು ನಮ್ಮ ಮಾಮೂಲಿ ಕಾನೂನಿನಂತೆ, ಮುಂಬೈನ ಆರ್ಥರ್ ರೋಡ್ ಜೈಲಿನಲ್ಲಿ ಕೂತ ವಿಶೇಷ ಕೋರ್ಟು. ಅಲ್ಲಿಂದ ಹೈಕೋರ್ಟು, ಸುಪ್ರೀಂ ಕೋರ್ಟು, ಕ್ಷಮಾದಾನದ ಅರ್ಜಿ. ಎಲ್ಲವೂ ಹಳೆಯ ದಾರಿ. ಯಾವ ಮೆಟ್ಟಿಲಿನಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಗ್ವಾಂಟನಾಮೋದಲ್ಲಿ ಪ್ರತಿ ಮೆಟ್ಟಿಲನ್ನೂ ಹೊಸದಾಗಿ ಕಟ್ಟಬೇಕಾಯಿತು, ಪ್ರತಿಯೊಂದಕ್ಕೂ ತಕರಾರು ಎದ್ದಿತು.

ಅದಕ್ಕಿಂತ ಜಾಸ್ತಿ ತೊಡಕು ಇನ್ನೊಂದಿದೆ. ಖಾಲಿದ್ ಮೂರೂವರೆ ವರ್ಷ ಸಿಐಎಯ ಗುಪ್ತ ಜೈಲುಗಳಲ್ಲಿದ್ದ. 2003ರ ಮಾರ್ಚ್ ಒಂದೇ ತಿಂಗಳಲ್ಲಿ ಅವನ ಮುಖದ ಮೇಲೆ 183 ಸಲ ನೀರು ಸುರಿದು ಉಸಿರು ಕಟ್ಟಿಸಿದರು ಅಂತ ಸರ್ಕಾರದ ದಾಖಲೆಯೇ ಹೇಳುತ್ತದೆ. ಅಲ್ಲಿ ಹೇಳಿಸಿದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆಮೇಲೆ ಎಫ್‌ಬಿಐ ಬಂದು ಸೌಮ್ಯವಾಗಿ ಕೇಳಿ ಬರೆದುಕೊಂಡ ಹೇಳಿಕೆ ನಿಲ್ಲುತ್ತದಾ? ಅದನ್ನು ತೀರ್ಮಾನಿಸಲು ಮೊದಲು ಏನೇನಾಯಿತು ಅಂತ ಬಿಚ್ಚಿಡಬೇಕು. ಸಿಐಎ ಬಿಚ್ಚಿಡಲು ಒಪ್ಪುವುದಿಲ್ಲ. ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ. 2012ರ ಮೇ ತಿಂಗಳಿನಲ್ಲಿ ಖಾಲಿದ್ ಸೇರಿ ಐವರ ಮೇಲೆ ಆರೋಪ ಓದಿದ್ದು ಬಿಟ್ಟರೆ ಅಲ್ಲಿಂದ ಈ ವಾದವೇ ನಡೆದಿದೆ. ನ್ಯಾಯಾಧೀಶರು ಒಬ್ಬರಾದ ಮೇಲೊಬ್ಬರು ಬದಲಾದರು.

ಇವರನ್ನು ನ್ಯೂಯಾರ್ಕಿನ ಮಾಮೂಲಿ ಕೋರ್ಟಿಗೆ ತರುತ್ತೇವೆ ಅಂತ ಒಬಾಮ ಸರ್ಕಾರ 2009ರಲ್ಲಿ ಹೇಳಿತ್ತು. ಗಲಾಟೆಯಾಯಿತು. ಗ್ವಾಂಟನಾಮೋದವರನ್ನು ಅಮೆರಿಕದ ನೆಲಕ್ಕೆ ತರಲು ಒಂದು ಡಾಲರೂ ಖರ್ಚು ಮಾಡಬಾರದು ಅಂತ ಸಂಸತ್ತು ಕಟ್ಟು ಹಾಕಿತು. ಅಲ್ಲಿಂದ ನ್ಯೂಯಾರ್ಕಿಗೆ ಬಂದ ಒಬ್ಬನೇ ಒಬ್ಬ ಅಹ್ಮದ್ ಘೈಲಾನಿಯ ಕೇಸು ನೋಡಿ. 1998ರಲ್ಲಿ ಆಫ್ರಿಕಾದ ಎರಡು ರಾಯಭಾರ ಕಚೇರಿಗಳ ಮೇಲೆ ನಡೆದ ದಾಳಿ, 224 ಸಾವು. 2010ರಲ್ಲಿ ಜ್ಯೂರಿ 280ಕ್ಕೂ ಹೆಚ್ಚು ಆರೋಪಗಳಿಂದ ಬಿಟ್ಟು ಒಂದರಲ್ಲಿ ಮಾತ್ರ ತಪ್ಪಿತಸ್ಥ ಎಂದಿತು. ಇದನ್ನು ನೋಡಿ, ಮಾಮೂಲಿ ಕೋರ್ಟು ಸೋತಿತು ಅಂತ ಬೊಬ್ಬೆ ಹೊಡೆದರು. ಆ ಒಂದೇ ಆರೋಪಕ್ಕೆ ಅವನಿಗೆ ಜೀವಾವಧಿ ಶಿಕ್ಷೆಯಾಗಿದೆ. ನನ್ನ ಕೇಳಿದರೆ ಖಾಲಿದ್ ಕೇಸೂ ಅಲ್ಲೇ ನಡೆದಿದ್ದರೆ ಯಾವತ್ತೋ ಮುಗಿಯುತ್ತಿತ್ತು.

2024ರ ಜುಲೈ 31ರಂದು ರಾಜಿ ಆಯಿತು. ತಪ್ಪೊಪ್ಪಿಕೊಂಡರೆ ಮರಣದಂಡನೆ ಇಲ್ಲ, ಜೀವಾವಧಿ. ಎರಡೇ ದಿನದಲ್ಲಿ ರಕ್ಷಣಾ ಸಚಿವ ಆಸ್ಟಿನ್ ಅದನ್ನು ಹಿಂದಕ್ಕೆ ಪಡೆದರು. ಹಾಗೆ ಪಡೆಯುವ ಅಧಿಕಾರ ಅವರಿಗಿತ್ತು ಅಂತ 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ 2–1ರಿಂದ ಹೇಳಿತು. ಮತ್ತೆ ಸಾಕ್ಷ್ಯದ ಜಗಳಕ್ಕೇ ವಾಪಸ್.

ಪ್ರಶ್ನೆ: ಗ್ವಾಂಟನಾಮೋ ಇರುವುದು ಕ್ಯೂಬಾದಲ್ಲಿ ಅಲ್ವಾ? ಅಲ್ಲಿ ಅಮೆರಿಕದ ಜೈಲು ಹೇಗೆ ಬಂತು?
– ಹತ್ತನೇ ತರಗತಿ ಹುಡುಗ, ಹೊಸಪೇಟೆ

ಉತ್ತರ: ಬಾಡಿಗೆ ಜಾಗ ಕಣಪ್ಪ. 1903ರಲ್ಲಿ ಕ್ಯೂಬಾ ಆ ಕೊಲ್ಲಿಯನ್ನು ಗುತ್ತಿಗೆ ಕೊಟ್ಟಿತು. ಇಬ್ಬರೂ ಒಪ್ಪಿದರೆ, ಇಲ್ಲವೇ ಅಮೆರಿಕವೇ ಬಿಟ್ಟು ಹೋದರೆ ಮಾತ್ರ ಗುತ್ತಿಗೆ ಮುಗಿಯುತ್ತದೆ. ನೆಲ ನಮ್ಮದಲ್ಲ, ಹಾಗಾಗಿ ನಮ್ಮ ಕೋರ್ಟುಗಳು ಇಲ್ಲಿ ಕೈ ಹಾಕಲಾರವು ಅಂತ ಎಣಿಸಿಯೇ 2002ರ ಜನವರಿಯಲ್ಲಿ ಕೈದಿಗಳನ್ನು ಅಲ್ಲಿಗೆ ತಂದರು. ಆ ಎಣಿಕೆ ತಪ್ಪು ಅಂತ 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ವರ್ಷದ ಬಾಡಿಗೆ 4,085 ಡಾಲರ್. ಅಮೆರಿಕ ಪ್ರತಿ ವರ್ಷ ಚೆಕ್ ಕಳಿಸುತ್ತಾ ಬಂದಿದೆ. ಕ್ರಾಂತಿಯ ಹೊಸದರಲ್ಲಿ, 1959ರಲ್ಲಿ, ಕ್ಯಾಸ್ಟ್ರೊ ಸರ್ಕಾರ ಗೊಂದಲದಲ್ಲಿ ಒಂದು ಚೆಕ್ಕನ್ನು ಬ್ಯಾಂಕಿಗೆ ಹಾಕಿಬಿಟ್ಟಿತ್ತು. ಆಮೇಲಿನ ಯಾವ ಚೆಕ್ಕನ್ನೂ ಕ್ಯೂಬಾ ನಗದು ಮಾಡಿಕೊಂಡಿಲ್ಲ.