ಸಂಪಾದಕರ ಉತ್ತರ: ಉಳಿದ ಆಂಟಿಬಯಾಟಿಕ್ ಇನ್ನೊಬ್ಬರಿಗೆ ಆಗುತ್ತದೆಯೇ?

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ತಾಯಿಯವರ ಉರಿಮೂತ್ರಕ್ಕೆ ವೈದ್ಯರು ನೈಟ್ರೊಫ್ಯುರಾಂಟಾಯಿನ್ 100 ಮಿಲಿಗ್ರಾಂ ಕ್ಯಾಪ್ಸೂಲನ್ನು ದಿನಕ್ಕೆರಡರಂತೆ 5 ದಿನಕ್ಕೆ ಬರೆದುಕೊಟ್ಟಿದ್ದರು. ಮೂರು ದಿನಕ್ಕೆ ಉರಿ ನಿಂತಿತು, ಅವರೂ ನಿಲ್ಲಿಸಿಬಿಟ್ಟರು. ಉಳಿದ ನಾಲ್ಕನ್ನು ಗಂಟಲು ನೋವು, ಜ್ವರ ಬಂದಿರುವ ಎಂಟು ವರ್ಷದ ಮಗನಿಗೆ ಕೊಡಬಹುದೇ ಎಂದು ಕೇಳಿದ್ದೀರಿ. ಜೊತೆಗೆ, ಒಬ್ಬರಿಗೆ 5 ದಿನ, ಕ್ಷಯ ರೋಗಿಗೆ 6 ತಿಂಗಳು, ಈ ಲೆಕ್ಕ ಎಲ್ಲಿಂದ ಬಂತು ಎಂದೂ ಕೇಳಿದ್ದೀರಿ.

ದಯವಿಟ್ಟು ಕೊಡಬೇಡಿ. ನೈಟ್ರೊಫ್ಯುರಾಂಟಾಯಿನ್ ಮೂತ್ರದಲ್ಲಿ ಮಾತ್ರ ಸಾಕಷ್ಟು ಪ್ರಮಾಣದಲ್ಲಿ ಸೇರುತ್ತದೆ. ರಕ್ತದಲ್ಲಿ ಅದರ ಮಟ್ಟ ತೀರಾ ಕಡಿಮೆ, ಗಂಟಲಿನಲ್ಲಿ ಅದು ಏನೂ ಮಾಡದು. ಮೂತ್ರಪಿಂಡದ ಸೋಂಕಿಗೂ ಅದು ಸಾಲದು. ತಾಯಿಯವರಿಗೆ ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ ಕಾಣಿಸಿದರೆ ಸೋಂಕು ಮೇಲಕ್ಕೇರಿರಬಹುದು, ಬೇರೆಯೇ ಔಷಧಿ ಬೇಕು. ಉರಿ ಮಾತ್ರ ಮರಳಿದರೆ ಮೊದಲು ಮೂತ್ರದ ಕಲ್ಚರ್‌ಗೆ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಮಾದರಿ ಕೊಡಲಿ. ಒಂದೆರಡು ಮಾತ್ರೆ ನುಂಗಿದ ಮೇಲೆ ಕೊಟ್ಟರೆ ರೋಗಾಣು ಇದ್ದರೂ ಬೆಳೆಯದೆ ವರದಿ ದಾರಿ ತಪ್ಪಿಸೀತು.

ಮಗನ ವಿಷಯ. ಮಕ್ಕಳ ಗಂಟಲು ನೋವು ಬಹುಪಾಲು ವೈರಸ್‌ನದು, ಅದಕ್ಕೆ ಯಾವ ಆಂಟಿಬಯಾಟಿಕ್ಕೂ ಕೆಲಸ ಮಾಡುವುದಿಲ್ಲ. ಕೆಮ್ಮು, ನೆಗಡಿ, ಒಡೆದ ಧ್ವನಿ ಇದ್ದರೆ ಆ ಕಡೆಗೇ ಬೆರಳು ತೋರಿಸುತ್ತವೆ. ಕೆಮ್ಮಿಲ್ಲದೆ ಜ್ವರ ಬಂದು, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು ಇದ್ದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರಬಹುದು, ಗಂಟಲಿನ ಸ್ವಾಬ್ (ಹತ್ತಿಕಡ್ಡಿಯಿಂದ ಒರೆಸಿ ತೆಗೆಯುವ ಮಾದರಿ) ಪರೀಕ್ಷೆ ಮಾಡಿಸಬೇಕು. ಖಚಿತವಾದರೆ ಸಾಮಾನ್ಯವಾಗಿ ಪೆನಿಸಿಲಿನ್ ಇಲ್ಲವೇ ಅಮಾಕ್ಸಿಸಿಲಿನ್ 10 ದಿನ. ಎರಡು ಮೂರು ದಿನಕ್ಕೆ ಮಗು ಆಟವಾಡುತ್ತದೆ, ಆದರೂ 10 ದಿನ ಕೊಡುವುದು ರೋಗಾಣುವನ್ನು ಗಂಟಲಿನಿಂದ ಪೂರ್ತಿ ಹೊರಹಾಕಿ ಸಂಧಿವಾತ ಜ್ವರವನ್ನು ತಡೆಯಲು. ಅದು ಹೃದಯದ ಕವಾಟಗಳನ್ನೇ ಕೆಡಿಸುವ ಕಾಯಿಲೆ. ಜೊಲ್ಲು ನುಂಗಲಾಗದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಪರೀಕ್ಷೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ದಿನಗಳ ಲೆಕ್ಕ. ರೋಗಾಣು ಎಷ್ಟು ವೇಗವಾಗಿ ಬೆಳೆಯುತ್ತದೆ, ಎಲ್ಲಿ ಅಡಗಿದೆ, ಔಷಧಿ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಉರಿಮೂತ್ರ ತರುವ ಇ. ಕೋಲಿ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು, ಕೆಲವಂತೂ ಬೆಳೆಯದೆ ಸುಮ್ಮನಿರುತ್ತವೆ. ಬೆಳೆಯದ್ದನ್ನು ಕೊಲ್ಲುವುದು ಕಷ್ಟ. ಅದಕ್ಕೇ ಸಾಮಾನ್ಯ ಕ್ಷಯಕ್ಕೆ ಮೊದಲ 2 ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್ ನಾಲ್ಕೂ ಒಟ್ಟಿಗೆ. ಮುಂದಿನ 4 ತಿಂಗಳು ಮುಖ್ಯವಾಗಿ ಮೊದಲಿನ ಎರಡು. ಒಂದೇ ಔಷಧಿ ಕೊಟ್ಟರೆ ಅದಕ್ಕೆ ಬಗ್ಗದ ಕೆಲವು ರೋಗಾಣುಗಳು ಉಳಿದು ಅವೇ ಹೆಚ್ಚುತ್ತವೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಕಿಲ್ಲ. ಎಥಾಂಬುಟಾಲ್ ತೆಗೆದುಕೊಳ್ಳುವವರಿಗೆ ದೃಷ್ಟಿ ಮಸುಕಾದರೆ ಮಾತ್ರ ಅಂದೇ ವೈದ್ಯರಿಗೆ ತಿಳಿಸಬೇಕು.

ಹಾಗೆಂದು ಹೆಚ್ಚು ದಿನ ತೆಗೆದುಕೊಂಡಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಚೆನ್ನಾಗಿ ಗುಣವಾಗುತ್ತಿರುವ ಸಾಧಾರಣ ನ್ಯುಮೋನಿಯಾಕ್ಕೆ ಈಗ 5 ದಿನವೇ ಸಾಕೆನ್ನುತ್ತಾರೆ. ಬೇಡದ ಪ್ರತಿ ದಿನವೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು, ಔಷಧಿಗೆ ಬಗ್ಗದವುಗಳಿಗೆ ಜಾಗ ಮಾಡಿಕೊಡುತ್ತದೆ. ಬೇಗ ನಿಲ್ಲಿಸಬಹುದೇ ಎಂದು ಬರೆದುಕೊಟ್ಟವರನ್ನೇ ಕೇಳಿ. ಆ ಪ್ರಶ್ನೆ ಕೇಳಲು ಸಂಕೋಚ ಬೇಡ.

ಮನೆಯಲ್ಲಿ ಸಾಮಾನ್ಯವಾಗಿ ಎಡವುವ ಜಾಗಗಳನ್ನೂ ಹೇಳಿಬಿಡುತ್ತೇವೆ. ಎರಡು ಔಷಧಿ ಸೇರಿದ ಮಾತ್ರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625 ಎಂದರೆ ಕ್ರಮವಾಗಿ 500 ಮತ್ತು 125 ಮಿಲಿಗ್ರಾಂ, 375 ಎಂದರೆ 250 ಮತ್ತು 125. ಹಾಗಾಗಿ 625 ಸಿಗದಿದ್ದಾಗ 375ರ ಎರಡು ನುಂಗಿದರೆ ಕ್ಲಾವುಲನೇಟ್ ಇಮ್ಮಡಿಯಾಗಿ ಭೇದಿ ಹಿಡಿಯಬಹುದು. ಮಕ್ಕಳ ಪುಡಿ ಸಿರಪ್‌ಗೆ ಮೊದಲು ಬಾಟಲಿ ತಟ್ಟಿ ಪುಡಿ ಸಡಿಲಿಸಿ. ಕುದಿಸಿ ಆರಿಸಿದ ನೀರನ್ನು ಅರ್ಧ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿ. ಪುಡಿ ತಳದಲ್ಲಿ ಕೂರುವುದರಿಂದ ಪ್ರತಿ ಸಲವೂ ಕುಲುಕಬೇಕು, ಇಲ್ಲವಾದರೆ ಮೊದಲ ದಿನ ಕಡಿಮೆ, ಕೊನೆಯ ದಿನ ಅತಿಯಾಗುತ್ತದೆ. ಅಳತೆಗೆ ಚಮಚ ಬೇಡ, ಜೊತೆಗೆ ಬಂದ ಸಿರಿಂಜ್ ಇಲ್ಲವೇ ಮುಚ್ಚಳ ಬಳಸಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ ಕಲಸಿದ ಮೇಲೆ ಫ್ರಿಜ್‌ನಲ್ಲಿಟ್ಟರೂ ಸಾಮಾನ್ಯವಾಗಿ 7 ದಿನಕ್ಕೆ ಮುಗಿಯಿತು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ನುಂಗುವಾಗ ಲೋಟ ತುಂಬ ನೀರು ಕುಡಿದು ಅರ್ಧ ಗಂಟೆಯಾದರೂ ಮಲಗದೆ ಕೂರಬೇಕು. ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತದೆ. ಡಾಕ್ಸಿಸೈಕ್ಲಿನ್ನನ್ನೂ ಸಿಪ್ರೊಫ್ಲಾಕ್ಸಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ಕನ್ನೂ ಕಬ್ಬಿಣದ ಮಾತ್ರೆ, ಆಂಟಾಸಿಡ್ (ಹೊಟ್ಟೆಯ ಆಮ್ಲ ತಗ್ಗಿಸುವ ಔಷಧಿ) ಜೊತೆ ನುಂಗಿದರೆ ಔಷಧಿ ರಕ್ತಕ್ಕೆ ಸೇರುವುದೇ ಕಡಿಮೆ. ಒಂದು ಹೊತ್ತಿನದು ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನದರ ಹೊತ್ತೇ ಬಂದಿದ್ದರೆ ಬಿಟ್ಟುಬಿಡಿ, ಎರಡನ್ನೂ ಒಟ್ಟಿಗೆ ಬೇಡ.

ಯಾವುದೇ ಮಾತ್ರೆಯಿಂದ ಮೈಮೇಲೆ ದದ್ದು ಎದ್ದರೆ ಅದರ ಹೆಸರು, ಎಷ್ಟನೇ ದಿನ, ಹೇಗಿತ್ತು ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ತುಟಿ ಊದಿ ಉಸಿರು ಕಟ್ಟಿದರೆ ಬರೆಯುತ್ತ ಕೂರದೆ ತಕ್ಷಣ ತುರ್ತು ಚಿಕಿತ್ಸೆಗೆ ಹೊರಡಿ.