ಯಾವ ಸ್ಕ್ರೀನ್ ಅನ್ನೋದು ಆಮೇಲೆ, ಮೊದಲು ಗ್ರೌಂಡ್ ಎಲ್ಲಿ ಹೇಳಿ

ನೀವೇ ಕಟ್ಟುತ್ತಿರುವ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ, ಬಾಡಿ ಮುಗಿದಿದೆ, ಎಂಜಿನ್ ಮತ್ತು ಹಾರಾಟದ ಮಾಹಿತಿ ತೋರಿಸೋಕೆ ಪ್ಯಾನೆಲ್‌ಗೆ ಯಾವ ಸ್ಕ್ರೀನ್ ತಗೊಳ್ಳಲಿ, ವೈರಿಂಗ್ ನಾನೇ ಮಾಡಲಾ ಅಥವಾ ರೆಡಿಮೇಡ್ ಹಾರ್ನೆಸ್ (ಮೊದಲೇ ಜೋಡಿಸಿದ ವೈರ್‌ಗಳ ಕಟ್ಟು) ತರಿಸಲಾ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಕಂಡಕಂಡವರಿಗೆಲ್ಲ ಇದನ್ನೇ ಕೇಳಿದವನು. ಎಲ್ಲರೂ ಸ್ಕ್ರೀನ್ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು. ಗ್ರೌಂಡ್, ಅಂದ್ರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗೋ ದಾರಿ, ಅದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ನಾನು ರೆಡಿಮೇಡ್ ಹಾರ್ನೆಸ್ಸೇ ತರಿಸಿದೆ. ಅದರ ಮೇಲೆ ದೂರೇನೂ ಇಲ್ಲ, ಕನೆಕ್ಟರ್‌ಗಳೆಲ್ಲ ಟಕ್ ಟಕ್ ಅಂತ ಕೂತವು. ಕೊನೆಯಲ್ಲಿ ಪ್ರತಿ ಬಾಕ್ಸಿನಿಂದ ಒಂದೊಂದು ಕಪ್ಪು ವೈರ್ ಜೋತಾಡುತ್ತಿತ್ತು, ಮೇಲೆ 'ಗ್ರೌಂಡ್' ಅಂತ ಚೀಟಿ. ವಿಮಾನ ಪೂರ್ತಿ ಲೋಹ ಅಲ್ವಾ, ಎಲ್ಲಿ ಕಟ್ಟಿದರೂ ಗ್ರೌಂಡೇ ಅಂದುಕೊಂಡೆ. ಪ್ಯಾನೆಲ್ ಹಿಂದಿನ ಆಂಗಲ್‌ನಲ್ಲಿ ಒಂದು ಸ್ಕ್ರೂ ಕೈಗೆ ಸಿಗುವ ಹಾಗಿತ್ತು. ಎಂಜಿನ್ ಮಾನಿಟರಿನ ವೈರ್ ಅಲ್ಲಿಗೆ ಬಿಗಿದೆ. ರೇಡಿಯೋ, ಲ್ಯಾಂಡಿಂಗ್ ಲೈಟ್, ಪಿಟೋ ಹೀಟರ್ (ವೇಗ ಅಳೆಯುವ ಕೊಳವೆಯನ್ನು ಬಿಸಿ ಇಡೋದು), ಎಲ್ಲದರ ಕಪ್ಪು ವೈರೂ ಅಲ್ಲಿಗೇ. ಗ್ರೌಂಡ್ ಒಂದೇ ಜಾಗದಲ್ಲಿ ಇರಬೇಕು ಅಂತ ಎಲ್ಲೋ ಓದಿದ್ದೆ, ಅದನ್ನೂ ಪಾಲಿಸಿದೆ ಅಂತ ಒಳಗೊಳಗೇ ಹೆಮ್ಮೆ ಬೇರೆ.

ಹಗಲಿನ ಹಾರಾಟಗಳೆಲ್ಲ ಸಲೀಸು. ಒಂದು ಸಂಜೆ ಇಳಿಯೋಕೆ ಫೈನಲ್‌ನಲ್ಲಿದ್ದೆ, ಅಂದ್ರೆ ರನ್‌ವೇಗೆ ನೇರವಾಗಿ ಬರುವ ಕೊನೆಯ ಹಂತ. ಲ್ಯಾಂಡಿಂಗ್ ಲೈಟ್ ಹಾಕಿದೆ, ಅಷ್ಟರಲ್ಲಿ ಆಯಿಲ್ ಟೆಂಪರೇಚರ್ ಕೆಂಪಿಗೆ ಹೋಯಿತು, ಆಯಿಲ್ ಪ್ರೆಷರ್ ಕೆಳಗಿಳಿಯಿತು, ಸ್ಕ್ರೀನ್ ಮೇಲೆ ಎಚ್ಚರಿಕೆ ಮಿಣುಕುತ್ತಿದೆ. ಎಂಜಿನ್ ಹೋಯಿತು ಅಂತಲೇ ನಂಬಿದೆ. ಹೇಗಾದರೂ ನೆಲ ಮುಟ್ಟಿದರೆ ಸಾಕು ಅಂತ ಜಾಸ್ತಿ ವೇಗದಲ್ಲೇ ತಂದೆ, ಅರ್ಧ ರನ್‌ವೇ ತೇಲಿಕೊಂಡೇ ಕಳೆದೆ, ಬ್ರೇಕ್ ಅದುಮಿ ಹಿಡಿದು ಕೊನೆಗೆ ಹುಲ್ಲಿಗೆ ನುಗ್ಗಿ ನಿಂತೆ. ಒಂದು ಟೈರ್ ಹೋಯಿತು, ಒಂದು ವೀಲ್ ಫೇರಿಂಗ್ (ಚಕ್ರದ ಮೇಲಿನ ಹೊದಿಕೆ) ಚೂರಾಯಿತು. ಎಂಜಿನ್‌ಗೆ ಏನೂ ಆಗಿರಲಿಲ್ಲ.

ಆಮೇಲೆ ಏಳು ತಿಂಗಳು ನಾನು ಆಯಿಲ್ ಹಿಂದೆ ಬಿದ್ದೆ. ಟೆಂಪರೇಚರ್ ಸೆಂಡರ್, ಅಂದ್ರೆ ಎಂಜಿನ್ ಮೇಲೆ ಕೂತು ಬಿಸಿ ಅಳೆಯುವ ಸೆನ್ಸರ್, ಎರಡು ಸಲ ಬದಲಿಸಿದೆ. ಆಯಿಲ್ ಕೂಲರ್ ಬಿಚ್ಚಿ ತೊಳೆದೆ, ಎಂಜಿನ್ ಸುತ್ತ ಗಾಳಿಗೆ ದಾರಿ ತೋರಿಸುವ ತಗಡುಗಳ (ಬ್ಯಾಫಲ್) ಸಂದಿಗಳನ್ನೆಲ್ಲ ಮುಚ್ಚಿದೆ. ಕೆಂಪು ಬರುವುದು ಇಳಿಯುವಾಗ ಮಾತ್ರ, ಅದಕ್ಕೆ ಇಳಿಯುವಾಗ ಗಾಳಿ ಸರಿಯಾಗಿ ಬರ್ತಿಲ್ಲ ಅಂತ ಒಂದು ಸಿದ್ಧಾಂತವನ್ನೂ ಕಟ್ಟಿದ್ದೆ. ಆಯಿಲ್ ಅರ್ಧ ಸೆಕೆಂಡಿನಲ್ಲಿ 9 ಡಿಗ್ರಿ ಬಿಸಿ ಆಗಲ್ಲ ಅನ್ನೋ ಸಣ್ಣ ವಿಷಯ ಯಾಕೆ ಹೊಳೆಯಲಿಲ್ಲ ಅಂತ ಈಗಲೂ ತಲೆ ಚಚ್ಚಿಕೊಳ್ಳುತ್ತೇನೆ.

ಸಿಕ್ಕಿದ್ದು ಶೆಡ್ಡಿನಲ್ಲಿ. ಲ್ಯಾಂಡಿಂಗ್ ಲೈಟಿನ ಬಲ್ಬ್ ಹೋಗಿತ್ತು, ಹೊಸದು ಹಾಕಿ ಸ್ವಿಚ್ ಒತ್ತಿದೆ. ರಾತ್ರಿಯಿಡೀ ನಿಂತು ತಣ್ಣಗಾಗಿದ್ದ ಎಂಜಿನ್ನಿನ ಆಯಿಲ್ ಸ್ಕ್ರೀನ್ ಮೇಲೆ ತಟ್ಟನೆ 3 ಡಿಗ್ರಿ ಏರಿತು. ಲೈಟ್ ಆರಿಸಿದೆ, ಇಳಿಯಿತು. ಹತ್ತು ಸಲ ಮಾಡಿದೆ, ಹುಚ್ಚನ ಹಾಗೆ.

ಆಗಿದ್ದು ಇಷ್ಟು. ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಸಹಿಸಿಕೊಳ್ಳಿ. ಆಯಿಲ್ ಸೆಂಡರಿಗೆ ಒಂದೇ ವೈರ್. ಅದರ ಇನ್ನೊಂದು ತುದಿ ಅಂದ್ರೆ ಅದರ ಮೈ, ಅದು ಕೂತಿರೋದು ಎಂಜಿನ್ ಮೇಲೆ. ಅಂದ್ರೆ ಸೆಂಡರಿನ ಸೊನ್ನೆ, ವೋಲ್ಟೇಜ್ ಎಣಿಸೋಕೆ ಶುರು ಮಾಡುವ ಜಾಗ, ಎಂಜಿನ್. ಅದನ್ನು ಓದುವ ಮಾನಿಟರಿನ ಸೊನ್ನೆ ನನ್ನ ಆ ಸ್ಕ್ರೂ. ಎರಡೂ ಒಂದೇ ಅಂತ ಮಾನಿಟರ್ ನಂಬಿದೆ, ನಾನೂ ನಂಬಿದ್ದೆ. ಆದರೆ ಸ್ಕ್ರೂಗೂ ಫೈರ್‌ವಾಲ್‌ಗೂ (ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ) ನಡುವೆ ಎಷ್ಟು ಜೋಡಣೆಗಳು, ಪ್ರತಿ ಜೋಡಣೆಯಲ್ಲೂ ತುಕ್ಕು ಹಿಡಿಯಬಾರದು ಅಂತ ನಾನೇ ಪ್ರೀತಿಯಿಂದ ಹೊಡೆದ ಪ್ರೈಮರ್. ಪ್ರೈಮರ್ ಅಂದ್ರೆ ಕರೆಂಟಿನ ಪಾಲಿಗೆ ಗೋಡೆ, ಕರೆಂಟು ರಿವೆಟ್‌ಗಳ ಮೂಲಕ ಹೇಗೋ ನುಸುಳಿಕೊಂಡು ಹೋಗುತ್ತಿತ್ತು. ಆ ದಾರಿಯ ರೆಸಿಸ್ಟೆನ್ಸ್ ಬರೀ 0.02 ಓಮ್ ಇತ್ತು ಅಂದುಕೊಳ್ಳಿ. 100 ವ್ಯಾಟ್ ಲೈಟ್ ಎಳೆಯೋದು ಸುಮಾರು 7 ಆಂಪಿಯರ್. ಗುಣಿಸಿದರೆ 0.14 ವೋಲ್ಟ್. ಲೈಟ್ ಹಾಕಿದ ಕೂಡಲೇ ಮಾನಿಟರಿನ ಸೊನ್ನೆ ಎಂಜಿನ್ನಿನ ಸೊನ್ನೆಗಿಂತ ಅಷ್ಟು ಮೇಲೆದ್ದು ನಿಲ್ಲುತ್ತಿತ್ತು. ಸೆಂಡರಿನ ವೋಲ್ಟೇಜ್ ಅದಕ್ಕೆ ಕಡಿಮೆ ಕಾಣೋದು, ಕಡಿಮೆ ಅಂದ್ರೆ ಟೆಂಪರೇಚರ್ ಲೆಕ್ಕದಲ್ಲಿ ಬಿಸಿ, ಪ್ರೆಷರ್ ಲೆಕ್ಕದಲ್ಲಿ ಬೀಳ್ತಿದೆ ಅಂತ. ಒಂದು ಎಂಜಿನ್ ಸಾಯುವಾಗ ತೋರಿಸೋ ಚಿತ್ರ ಪಕ್ಕಾ ಇದೇ ಅಲ್ವಾ!

ಒಂದೇ ಜಾಗ ಅನ್ನೋ ಮಾತು ಸುಳ್ಳಲ್ಲ. ಆ ಜಾಗದಲ್ಲಿ ಬ್ಯಾಟರಿಯ ನೆಗೆಟಿವ್ ಮತ್ತು ಎಂಜಿನ್ ಎರಡೂ ಬಂದು ಸೇರಬೇಕು, ನನ್ನದರಲ್ಲಿ ಎರಡೂ ಇರಲಿಲ್ಲ. ಕೊನೆಗೆ ರಡ್ಡರ್ ಪೆಡಲ್ ಮೇಲೆ ತಲೆ ಇಟ್ಟು, ಅಂಗಾತ ಮಲಗಿ, ಎಲ್ಲ ಕಿತ್ತೆ. ಫೈರ್‌ವಾಲ್‌ನ ಆರ್‌ಪಾರ್ ಒಂದು ಹಿತ್ತಾಳೆ ಬೋಲ್ಟ್, ಒಳಗಡೆ ಸಾಲಾಗಿ ಟ್ಯಾಬ್‌ಗಳಿರುವ ಹಿತ್ತಾಳೆ ಪಟ್ಟಿ. ಬ್ಯಾಟರಿ ಅದೇ ಬೋಲ್ಟಿಗೆ. ಎಂಜಿನ್ ಕಡೆಯಿಂದ ದಪ್ಪ ತಾಮ್ರದ ಹೆಣಿಗೆ ಪಟ್ಟಿ, ಅದೂ ಅದೇ ಬೋಲ್ಟಿಗೆ. ಈ ಪಟ್ಟಿ ಮರೀಬೇಡಿ: ಎಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ, ಪಟ್ಟಿ ಇಲ್ಲದಿದ್ದರೆ ಸ್ಟಾರ್ಟರಿನ ಕರೆಂಟ್ ಥ್ರಾಟಲ್ ಕೇಬಲ್ ಮೂಲಕ ದಾರಿ ಹುಡುಕುತ್ತೆ, ಕೇಬಲ್ ಸುಟ್ಟುಹೋಗುತ್ತೆ. ಪ್ಯಾನೆಲ್‌ನ ಒಂದೊಂದು ಬಾಕ್ಸಿನ ಕಪ್ಪು ವೈರೂ ಒಂದೊಂದು ಟ್ಯಾಬಿಗೆ ತಾನೇ ಹೋಗಬೇಕು, ದಾರಿಯಲ್ಲಿ ಯಾರ ಜೊತೆಗೂ ಸೇರಬಾರದು.

ಇದೇ ತಪ್ಪಿನ ತಮ್ಮ ಹೆಡ್‌ಸೆಟ್ಟಿನಲ್ಲಿದ್ದ. ಎಂಜಿನ್ ಆರ್‌ಪಿಎಂ ಏರಿದ ಹಾಗೆ ಏರುವ ಒಂದು ಕುಯ್ಯೋ ಶಬ್ದ. ಆಲ್ಟರ್ನೇಟರ್ ಆಫ್ ಮಾಡಿದರೆ ನಿಲ್ಲುತ್ತಿತ್ತು, ಸರಿ ಆಲ್ಟರ್ನೇಟರೇ ಕಳ್ಳ ಅಂತ ಫಿಲ್ಟರ್ ತಂದು ಹಾಕಿದೆ. ದಂಡ. ಆಲ್ಟರ್ನೇಟರ್ ಆರಿಸಿದರೆ ಶಬ್ದ ಯಾವ ದಾರಿಯಿಂದ ಬರ್ತಿದ್ದರೂ ನಿಲ್ಲುತ್ತೆ, ಅದರಿಂದ ದಾರಿ ಗೊತ್ತಾಗಲ್ಲ. ಹೆಡ್‌ಸೆಟ್‌ಗಳು ಸೇರುವ ಇಂಟರ್‌ಕಾಮ್ ಬಾಕ್ಸಿಗೆ ಬೇರೆ ಪುಟ್ಟ ಬ್ಯಾಟರಿ ಕೊಟ್ಟು ನೋಡಬೇಕಿತ್ತು. ಆಮೇಲೆ ನೋಡಿದೆ, ಕುಯ್ಯೋ ಹಾಗೇ ಇತ್ತು. ಅಂದ್ರೆ ಬರ್ತಿರೋದು ಪವರ್ ವೈರಿನಿಂದ ಅಲ್ಲ. ಮೈಕ್ ಮತ್ತು ಹೆಡ್‌ಫೋನ್ ಜಾಕ್‌ಗಳ ಜೊತೆ ನಾಲ್ಕಾರು ಫೈಬರ್ ವಾಷರ್ ಬಂದಿದ್ದವು, ಪ್ಯಾಕಿಂಗ್‌ಗೆ ಇರಬೇಕು ಅಂತ ಎಸೆದಿದ್ದೆ. ಜಾಕಿನ ಮೈ ವಿಮಾನದ ಮೈಗೆ ತಾಗದ ಹಾಗೆ ತಡೆಯೋದೇ ಅವುಗಳ ಕೆಲಸ! ವಾಷರ್ ಹಾಕಿದೆ, ವೈರಿನ ಸುತ್ತಲಿನ ಲೋಹದ ಜಾಲರಿಯನ್ನು (ಶೀಲ್ಡ್) ಇಂಟರ್‌ಕಾಮ್ ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿದೆ, ಶಬ್ದ ಮಾಯ.

ನಿಮ್ಮ ಪ್ರಶ್ನೆಗೆ ಬರೋಣ. ಹಾರ್ನೆಸ್ಸೋ ಸ್ವಂತವೋ ಅನ್ನೋದೇ ತಪ್ಪು ಪ್ರಶ್ನೆ ಅಂತ ನನ್ನ ಅಭಿಪ್ರಾಯ. ಎರಡರಲ್ಲೂ ಕಪ್ಪು ವೈರ್ ಕಟ್ಟೋದು ನೀವೇ. ಆದರೂ ಸ್ವಂತ ಮಾಡಿ ಅಂತೀನಿ, ಯಾಕಂದ್ರೆ ಕೆಟ್ಟಾಗ ಕೆಳಗೆ ಮಲಗೋದೂ ನೀವೇ. ಮೊದಲು ಕಾಗದದ ಮೇಲೆ ಪ್ರತಿ ವೈರಿನ ಹೋಗೋ ದಾರಿ, ವಾಪಸ್ ದಾರಿ ಎರಡನ್ನೂ ಬರೀರಿ. ಟೆಫ್ಜೆಲ್ (ಬಿಸಿ ತಾಳುವ ಹೊದಿಕೆಯ) ವೈರ್ ಬಿಟ್ಟು ಬೇರೆ ಹಾಕಬೇಡಿ. ಅದು ಸಾಮಾನ್ಯವಾಗಿ ಬಿಳಿ, ಆದ್ದರಿಂದ ಎರಡೂ ತುದಿಗೆ ನಂಬರ್ ಹಾಕಿ. ಒಳ್ಳೆಯ ರ‍್ಯಾಚೆಟ್ ಕ್ರಿಂಪರಿಗೆ (ಟರ್ಮಿನಲ್ಲನ್ನು ವೈರಿಗೆ ಒತ್ತಿ ಕೂರಿಸುವ ಇಕ್ಕಳ) ದುಡ್ಡು ಹಾಕಿ, ಟರ್ಮಿನಲ್‌ಗಳಿಗೆ ಬೆಸುಗೆ ಸುಮ್ನೆ ಬೇಡ: ಬೆಸುಗೆ ಎಳೆಗಳೊಳಗೆ ಏರಿ ಗಟ್ಟಿಯಾಗುತ್ತೆ, ಅದು ಮುಗಿಯುವ ಜಾಗದಲ್ಲೇ ಅದುರಿ ಅದುರಿ ವೈರ್ ಮುರಿಯುತ್ತೆ. ಫ್ಯೂಸ್ ಇರೋದು ವೈರ್ ಕಾಪಾಡೋಕೆ, ಬಾಕ್ಸ್ ಕಾಪಾಡೋಕಲ್ಲ, 22 ಗೇಜ್ ದಪ್ಪದ ವೈರಿಗೆ 5 ಆಂಪಿಯರ್ ದಾಟಬೇಡಿ. ಮ್ಯಾಗ್ನೆಟೋಮೀಟರ್ (ದಿಕ್ಕು ತಿಳಿಸುವ ಸೆನ್ಸರ್) ಹತ್ತಿರ ಸ್ಟೀಲ್ ಸ್ಕ್ರೂ ಬೇಡ.

ಸ್ಕ್ರೀನ್ ಕೊನೆಗೆ ತಗೊಳ್ಳಿ. ಈಗ ಕೊಂಡರೆ ಹಾರುವ ಹೊತ್ತಿಗೆ ವಾರಂಟಿ ಮುಗಿದು ಹೊಸ ಮಾಡೆಲ್ ಬಂದಿರುತ್ತೆ. ಯಾವುದು ಬಂದರೂ ಪ್ಯಾನೆಲ್ ಮುಚ್ಚುವ ಮುಂಚೆ ಮಲ್ಟಿಮೀಟರಿನ ಒಂದು ಕಡ್ಡಿ ಎಂಜಿನ್ ಮೇಲೆ, ಇನ್ನೊಂದು ಮಾನಿಟರಿನ ಗ್ರೌಂಡ್ ಪಿನ್ ಮೇಲೆ ಇಟ್ಟು, ಒಂದೊಂದೇ ಸ್ವಿಚ್ ಹಾಕ್ತಾ ಹೋಗಿ. ನನ್ನದರಲ್ಲಿ ಈಗ ಲ್ಯಾಂಡಿಂಗ್ ಲೈಟ್ ಹಾಕಿದರೆ 2 ಮಿಲಿವೋಲ್ಟ್ ತೋರಿಸುತ್ತೆ. ಹಳೇ ಸ್ಕ್ರೂ ಇನ್ನೂ ಅಲ್ಲೇ ಇದೆ, ಅದಕ್ಕೆ ಏನನ್ನೂ ಕಟ್ಟಿಲ್ಲ.