ಶಾಲೆಯ ಹೆಸರು ಅವರಿಗೆ ಮೊದಲೇ ಗೊತ್ತಿರುತ್ತದೆ

ಪತ್ರದ ಸಾರ: "ಮಗಳು ಅಮೆರಿಕದಲ್ಲೇ ಹುಟ್ಟಿ ಬೆಳೆದವಳು. ಎಂಟನೇ ಕ್ಲಾಸಿನವರೆಗೆ ಸಿಸ್ಟರ್‌ಗಳ ಶಾಲೆ, ಆಮೇಲೆ ನಾಲ್ಕು ವರ್ಷ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಾದ್ರಿ ಸಂಘದ ಹೈಸ್ಕೂಲು. ನಾವು ಕ್ರೈಸ್ತರಲ್ಲ. ಈಗ ಮೆಡಿಕಲ್ ಸ್ಕೂಲುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಪಟ್ಟಿಯಲ್ಲಿ ಉಳಿದವುಗಳ ಜೊತೆ ಜಾರ್ಜ್‌ಟೌನ್, ಕ್ರೈಟನ್, ಲೊಯೋಲಾ ಮತ್ತು ಲೋಮಾ ಲಿಂಡಾ ಇವೆ. ಕ್ಯಾಥೊಲಿಕ್ ಶಾಲೆಯ ವಿಷಯ ಎತ್ತಿ ಬರಿ, ಅವರಿಗೆ ಇಷ್ಟವಾಗುತ್ತದೆ ಅಂತಾರೆ ನಮ್ಮ ಯಜಮಾನರು. ಧರ್ಮದ ಸುದ್ದಿಗೇ ಹೋಗಬೇಡ ಅಂತಾರೆ ಅವಳ ಕಾಲೇಜಿನ ಅಡ್ವೈಸರ್. ಪ್ರಬಂಧದ ಕರಡು ಜೊತೆಗಿಟ್ಟಿದ್ದೇನೆ. ಯಾರ ಮಾತು ಕೇಳಲಿ?"

ತಾಯಿ, ಕರಡನ್ನು ಎರಡು ಸಲ ಓದಿದೆ. 'ಕ್ಯಾಥೊಲಿಕ್' ಎಂಬ ಪದ ಹನ್ನೊಂದು ಸಲ ಬಂದಿದೆ. ಕಾಯಿಲೆಯ ಮನುಷ್ಯ ಬಂದಿರುವುದು ಒಂದೇ ಸಲ, ಅದೂ ಕೊನೆಯ ಪ್ಯಾರಾದಲ್ಲಿ, ಬಾಗಿಲು ಹಾಕುವ ಹೊತ್ತಿಗೆ ಬಂದ ನೆಂಟನ ಹಾಗೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಯಜಮಾನರಿಗೆ ಮೊದಲು ಒಂದು ಮಾತು. ಅಮೆರಿಕದ ಬಹುತೇಕ ಮೆಡಿಕಲ್ ಸ್ಕೂಲುಗಳಿಗೆ ಒಟ್ಟಿಗೆ ಹಾಕುವ ಅಮ್‌ಕಾಸ್ ಅರ್ಜಿಯಲ್ಲಿ ಹೈಸ್ಕೂಲಿನ ಹೆಸರನ್ನು ಕೇಳುತ್ತಾರೆ. ಹೆಸರಿನಲ್ಲೇ ಸಂತರೊಬ್ಬರು ಕೂತಿರುವ ಶಾಲೆ ಅದು. ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಖ್ಯ ಪ್ರಬಂಧಕ್ಕೆ ಸಿಗುವುದು ಖಾಲಿ ಜಾಗವೂ ಸೇರಿ 5,300 ಅಕ್ಷರ. ಆ ಒಂದೇ ಪ್ರಬಂಧ ಪಟ್ಟಿಯಲ್ಲಿರುವ ಎಲ್ಲ ಕಾಲೇಜುಗಳಿಗೂ ಹೋಗುತ್ತದೆ, ಸರ್ಕಾರಿ ಕಾಲೇಜುಗಳಿಗೂ. ಜಾರ್ಜ್‌ಟೌನನ್ನು ಮೆಚ್ಚಿಸಲು ಬರೆದ ಸಾಲನ್ನು ಉಳಿದ ಇಪ್ಪತ್ತು ಕಡೆ ಯಾರೋ ಹುಬ್ಬೇರಿಸಿ ಓದುತ್ತಾರೆ. ಒಂದೊಂದು ಕಾಲೇಜಿಗೂ ಬೇರೆಬೇರೆ ಮಾತು ಹೇಳಲು ಜಾಗ ಇರುವುದು ಆಮೇಲೆ ಆಯಾ ಕಾಲೇಜು ಪ್ರತ್ಯೇಕವಾಗಿ ಕಳಿಸುವ ಸೆಕೆಂಡರಿ ಪ್ರಶ್ನೆಗಳಲ್ಲಿ. "ನಮ್ಮಲ್ಲಿಗೇ ಯಾಕೆ?" ಎಂದು ಅವರೇ ಕೇಳಿದಾಗ ಹೇಳಿದರೆ ಅದು ಉತ್ತರ, ಕೇಳದೆ ಹೇಳಿದರೆ ಶಿಫಾರಸು ಚೀಟಿ.

ಅಡ್ವೈಸರ್ ಹೇಳಿದ್ದೂ ನನಗೆ ಒಪ್ಪಿಗೆಯಿಲ್ಲ. ಹನ್ನೆರಡು ವರ್ಷ ಒಂದು ಕಡೆ ಓದಿ, ಅದರ ಸುಳಿವೇ ಇಲ್ಲದಂತೆ ಬರೆದರೆ ಅದೂ ಒಂದು ಬಗೆಯ ನಟನೆಯೇ. ಅಲ್ಲದೆ ಹುಡುಗಿಯ ಬಳಿ ಹೇಳುವುದಕ್ಕೆ ಸರಕಿದೆ. ಕೊನೆಯ ಪ್ಯಾರಾ ತೆಗೆದು ನೋಡಿ. ಹೈಸ್ಕೂಲಿನ ಸೇವಾ ಗಂಟೆ ತುಂಬಿಸಲೆಂದು ಶನಿವಾರಗಳಲ್ಲಿ ನರ್ಸಿಂಗ್ ಹೋಮ್‌ಗೆ ಹೋಗುತ್ತಿದ್ದಳಂತೆ. ಪಾರ್ಕಿನ್ಸನ್ಸ್ ಆದ ಒಬ್ಬ ಅಜ್ಜ. ಬೆರಳು ನಡುಗುತ್ತಿದ್ದರಿಂದ ರೋಜರಿ ಎಂಬ ಕ್ಯಾಥೊಲಿಕ್ ಪ್ರಾರ್ಥನೆಯ ಜಪಸರ ಹಿಡಿಯಲು ಆಗದು. ಅವರು ಬಾಯಲ್ಲಿ ಹೇಳುತ್ತಿದ್ದರು, ಇವಳು ಮಣಿ ಸರಿಸುತ್ತಿದ್ದಳು. ಹತ್ತು ಮಣಿ, ಒಂದು ಬಿಡುವು, ಒಂಟಿ ಮಣಿ, ಮತ್ತೆ ಹತ್ತು. ಪ್ರಾರ್ಥನೆ ಇವಳದಲ್ಲ. ಆದರೆ ಉಸಿರು ನೋಡಿಕೊಂಡು ಯಾವಾಗ ಸರಿಸಬೇಕೆಂಬುದು ಮೂರನೆಯ ವಾರಕ್ಕೆ ತಿಳಿಯಿತಂತೆ. ಒಂದು ದಿನ ಅವರು ನಡುವೆಯೇ ನಿದ್ದೆ ಹೋದರು. ಮುಂದಿನ ಶನಿವಾರ ಕಣ್ಣು ಬಿಟ್ಟವರೇ ಕೇಳಿದ್ದು, "ಎಲ್ಲಿಗೆ ನಿಲ್ಲಿಸಿದ್ವಿ?"

ಇಷ್ಟನ್ನು ಆರು ಸಾಲಿಗೆ ಮುಗಿಸಿ, ಅದಕ್ಕೂ ಮೊದಲು ಶಾಲೆಯ 'ಮೌಲ್ಯ'ಗಳ ಬಗ್ಗೆ ಒಂದೂವರೆ ಪುಟ ಬರೆದಿದ್ದಾಳಲ್ಲ! ಅಜ್ಜನಿಂದಲೇ ಶುರುವಾಗಲಿ. ತನ್ನದಲ್ಲದ ನಂಬಿಕೆಯ ಪಕ್ಕದಲ್ಲಿ ಕೂತು ಕೆಲಸ ಮಾಡಿದ್ದಾಳೆ. ನಾಳೆ ವಾರ್ಡಿನಲ್ಲಿ ದಿನವೂ ಮಾಡಬೇಕಾದದ್ದು ಅದನ್ನೇ. ಇದು ಯಾವ ಕಾಲೇಜಿಗೆ ಹೋದರೂ ನಡೆಯುವ ನಾಣ್ಯ. ಒಂದು ಎಚ್ಚರಿಕೆ ಮಾತ್ರ: ಅರ್ಜಿಯ ಹದಿನೈದು ಚಟುವಟಿಕೆಗಳ ಜಾಗಕ್ಕೆ ಹೈಸ್ಕೂಲಿನದನ್ನು ತುರುಕುವ ವಾಡಿಕೆಯಿಲ್ಲ, ಕಾಲೇಜಿನಲ್ಲೂ ಮುಂದುವರಿಸಿದ್ದರೆ ಮಾತು ಬೇರೆ. ನರ್ಸಿಂಗ್ ಹೋಮ್‌ಗೆ ಹೋಗುವುದನ್ನು ಹೈಸ್ಕೂಲಿಗೇ ನಿಲ್ಲಿಸಿದ್ದರೆ, ಯಾಕೆ ನಿಲ್ಲಿಸಿದೆ ಎಂದು ಇಂಟರ್‌ವ್ಯೂನಲ್ಲಿ ಕೇಳಿಯಾರು. ಅದಕ್ಕೆ ನಿಜವಾದ ಉತ್ತರ ಇಟ್ಟುಕೊಂಡಿರಲಿ.

ಇನ್ನು ನೀವು ಹೆಸರಿಸಿದ ನಾಲ್ಕು ಕಾಲೇಜುಗಳು. 'ಧಾರ್ಮಿಕ ಕಾಲೇಜು' ಎಂದು ನಾಲ್ಕನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ. ಮೊದಲ ಮೂರು ಜೆಸ್ವಿಟ್ ಪರಂಪರೆಯವು. ಅಲ್ಲಿಗೆ ಬರೆಯುವವರೆಲ್ಲ 'ಕ್ಯೂರಾ ಪರ್ಸೊನಾಲಿಸ್' ಎಂಬ ಲ್ಯಾಟಿನ್ ಮಾತನ್ನು, ಅಂದರೆ ಒಬ್ಬೊಬ್ಬರನ್ನೂ ಇಡೀ ಮನುಷ್ಯರಾಗಿ ನೋಡಿಕೊಳ್ಳುವುದು ಎಂಬುದನ್ನು, ಒಗ್ಗರಣೆಯಂತೆ ಹಾಕಿಯೇ ಹಾಕುತ್ತಾರೆ. ನಿಮ್ಮ ಮಗಳೂ ಹಾಕಿದ್ದಾಳೆ. ತೆಗೆಯಲಿ. ಅದರ ಬದಲು ಆ ಕಾಲೇಜು ಏನು ಮಾಡಿದೆ ಎಂದು ನೋಡಲಿ. ಲೊಯೋಲಾದ ಸ್ಟ್ರಿಚ್ ಮೆಡಿಕಲ್ ಸ್ಕೂಲು 2014ರಲ್ಲಿ ಡಾಕಾ (DACA) ವಿದ್ಯಾರ್ಥಿಗಳನ್ನು, ಅಂದರೆ ಮಕ್ಕಳಾಗಿದ್ದಾಗ ದಾಖಲೆಯಿಲ್ಲದೆ ಅಮೆರಿಕಕ್ಕೆ ಬಂದು ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಪಡೆದವರನ್ನು, ಬಹಿರಂಗವಾಗಿಯೇ ಸೇರಿಸಿಕೊಂಡಿತು. ಆಗ ಬೇರೆ ಕಾಲೇಜುಗಳು ಹಿಂದೆಮುಂದೆ ನೋಡುತ್ತಿದ್ದವು. ಜೆಸ್ವಿಟ್ ಮಾತು ಅಲ್ಲಿ ಕೆಲಸವಾಗಿ ಇಳಿದಿದೆ.

ಲೋಮಾ ಲಿಂಡಾ ಬೇರೆಯದೇ ಮನೆ. 1905ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದವರು ಕಟ್ಟಿದ್ದು. ಅವರಿಗೆ ಸಬ್ಬತ್, ಅಂದರೆ ವಾರದ ವಿಶ್ರಾಂತಿ-ಪ್ರಾರ್ಥನೆಯ ದಿನ, ಶನಿವಾರ. ಹೆಂಡ, ಹೊಗೆಸೊಪ್ಪು ದೂರವಿಡಬೇಕು. ವೈದ್ಯ ಪಾಠದ ಜೊತೆಗೆ ಧರ್ಮದ ಪಾಠವೂ ಇರುತ್ತದೆ. ಅಡ್ವೆಂಟಿಸ್ಟರಿಗೂ ರೋಮಿನ ಕ್ಯಾಥೊಲಿಕ್ ಚರ್ಚಿಗೂ ಹಳೆಯ ಭಿನ್ನಮತ ಉಂಟು. "ನಾನು ಕ್ಯಾಥೊಲಿಕ್ ಶಾಲೆಯವಳು" ಎಂಬುದು ಅಲ್ಲಿ ಪಾಸ್‌ಪೋರ್ಟ್ ಅಲ್ಲ, ಅಡ್ಡಿಯೂ ಅಲ್ಲ. ನಾಲ್ಕು ವರ್ಷ ಆ ನಿಯಮದಲ್ಲಿ ಬಾಳಲು ಮನಸ್ಸಿದೆಯೇ ಎಂಬುದೇ ಪ್ರಶ್ನೆ. ಮನಸ್ಸಿಲ್ಲದಿದ್ದರೆ ಅರ್ಜಿ ಶುಲ್ಕ ಉಳಿಸಿಕೊಳ್ಳಿ. ಅಂದಹಾಗೆ ಹಳೆಯ ಪಟ್ಟಿಗಳನ್ನು ನಂಬಬೇಡಿ: ನ್ಯೂಯಾರ್ಕ್ ಮೆಡಿಕಲ್ ಕಾಲೇಜು ದಶಕಗಳ ಕಾಲ ಕ್ಯಾಥೊಲಿಕ್ ಆರ್ಚ್‌ಡಯೋಸಿಸ್‌ನ (ಆರ್ಚ್‌ಬಿಷಪ್ಪರ ಧರ್ಮಪ್ರಾಂತ್ಯದ) ಆಸರೆಯಲ್ಲಿತ್ತು, 2011ರಲ್ಲಿ ಯಹೂದಿ ಪರಂಪರೆಯ ಟೂರೊ ಸಂಸ್ಥೆಗೆ ಸೇರಿತು.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಬೇಕು, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. ಅಮೆರಿಕದ ಕ್ಯಾಥೊಲಿಕ್ ಆಸ್ಪತ್ರೆಗಳು ಅಲ್ಲಿನ ಬಿಷಪ್‌ಗಳ ಒಕ್ಕೂಟ ಹೊರಡಿಸಿರುವ ನಿರ್ದೇಶನಗಳಿಗೆ ಒಳಪಟ್ಟಿವೆ. ಗರ್ಭಪಾತ, ಮಕ್ಕಳಾಗದಂತೆ ಮಾಡುವ ಆಪರೇಷನ್, ಪ್ರನಾಳ ಶಿಶು ಚಿಕಿತ್ಸೆ, ಜೀವ ಬಿಡಲು ನೆರವು — ಇವು ಅಲ್ಲಿ ನಿಷಿದ್ಧ. ಆ ನಿರ್ದೇಶನಗಳು ಯಾರು ಬೇಕಾದರೂ ಓದಬಹುದಾದ ಕಡತ. ಮಗಳು ಒಂದು ಸಂಜೆ ಕೂತು ಪೂರ್ತಿ ಓದಲಿ. ಹೆರಿಗೆ ವಿಭಾಗದ ಕಡೆ ಒಲವಿದೆ ಎಂದು ಕರಡಿನಲ್ಲಿ ಬರೆದಿದ್ದಾಳೆ, ಹಾಗಾಗಿ ಇದು ಅವಳಿಗೆ ದೂರದ ಮಾತಲ್ಲ. ಹೀಗೆ ನಿಷಿದ್ಧವಾದ ಚಿಕಿತ್ಸೆಗಳ ತರಬೇತಿಯನ್ನು ಎಲ್ಲಿ, ಹೇಗೆ ಕೊಡುತ್ತೀರಿ ಎಂದು ಇಂಟರ್‌ವ್ಯೂನಲ್ಲಿ ವಿನಯದಿಂದ ಅವಳೇ ಕೇಳಬಹುದು. ಕೇಳಿದ್ದಕ್ಕೆ ಸೀಟು ತಪ್ಪೀತು ಎಂಬ ಅಂಜಿಕೆ ನಿಮಗಿರಬಹುದು. ಕೇಳದೆ ಸೇರಿ, ವಾರ್ಡಿಗೆ ಇಳಿಯುವ ಮೂರನೇ ವರ್ಷ ಕೊರಗುವುದಕ್ಕಿಂತ ಅದು ಮೇಲು ಎಂದು ನಾನು ತಿಳಿದಿದ್ದೇನೆ.

"ನೀನು ಕ್ಯಾಥೊಲಿಕ್ಕಾ?" ಎಂದು ಯಾರಾದರೂ ಕೇಳಿಬಿಟ್ಟರೆ ಎಂದು ಗಾಬರಿಯಾಗಿದ್ದೀರಿ. "ಅಲ್ಲ. ಸಿಸ್ಟರ್‌ಗಳ ಕೈಯಲ್ಲಿ ಓದಿದೆ, ಮನೆಯಲ್ಲಿ ಬೇರೆ ದೇವರು" ಅಂದರೆ ಸಾಕು. ಮಾಸ್ ಎಂಬ ಚರ್ಚಿನ ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಎಲ್ಲರೂ ಕಮ್ಯುನಿಯನ್‌ಗೆ, ಅಂದರೆ ಪ್ರಸಾದದ ರೊಟ್ಟಿ ಪಡೆಯಲು, ಎದ್ದಾಗ ತಾನೊಬ್ಬಳೇ ಕೂತಿರುತ್ತಿದ್ದೆ ಎಂದು ಕರಡಿನಲ್ಲಿ ಬರೆದು, ಆಮೇಲೆ ಹೊಡೆದು ಹಾಕಿದ್ದಾಳೆ. ಯಾರು ಹೊಡೆಸಿದರೋ ಕಾಣೆ. ಆ ಸಾಲನ್ನು ವಾಪಸ್ ಹಾಕಲಿ.

ಹನ್ನೊಂದು 'ಕ್ಯಾಥೊಲಿಕ್'ಗಳಲ್ಲಿ ಎರಡನ್ನು ಉಳಿಸಿಕೊಂಡು ಮತ್ತೆ ಬರೆದು ಕಳಿಸಲು ಹೇಳಿ, ಓದುತ್ತೇನೆ. ಅಜ್ಜ ಆಮೇಲೆ ಏನಾದರು ಎಂಬುದು ಕರಡಿನಲ್ಲಿಲ್ಲ. ಅವಳಿಗೆ ಗೊತ್ತಿದ್ದರೆ ಅದನ್ನೂ ಬರೆಯಲಿ.

— ಸಂ.